ಹೊಗೆಯ ಸಾಲಿನಲ್ಲಿ ತಲಾಖಿನ ಆಣೆ

ಆ ಕಾಲದ ವಿಮಾನಗಳಲ್ಲಿ ಹೊಗೆಗೆ ಓದುಬರಹ ಬರುತ್ತದೆಂದು ನಂಬಲಾಗಿತ್ತು. ಆಸನದ ಬೆನ್ನಿಗೆ ಅಂಗೈಯಗಲದ ಫಲಕವೊಂದನ್ನು ಸಿಕ್ಕಿಸಿ, ಇದರ ಹಿಂದೆ ಸೇದಬಹುದು, ಇದರ ಮುಂದೆ ಸೇದಕೂಡದು ಎಂದು ಬರೆದುಬಿಟ್ಟರೆ ಸಾಕು. ಹಿಂದಿನ ಸಾಲುಗಳಿಂದ ಎದ್ದ ಹೊಗೆ ಫಲಕದವರೆಗೆ ತೇಲಿ ಬಂದು, ಅಕ್ಷರಗಳನ್ನು ಓದಿ, ನಾಚಿಕೊಂಡು ಹಿಂದಿರುಗುತ್ತದೆ ಎಂಬುದು ವಿಮಾನದವರ ಸಿದ್ಧಾಂತ. ಫಲಕದ ಮೇಲಿನ ಬರಹ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಹೊಗೆ ಯಾವ ಶಾಲೆಯಲ್ಲಿ ಕಲಿತಿದ್ದರೂ ತೊಂದರೆಯಾಗಬಾರದಲ್ಲ.

ಕೈರೋದಿಂದ ನ್ಯೂಯಾರ್ಕಿಗೆ ಬೆಳಿಗ್ಗೆ ಹೊರಡುವ ವಿಮಾನ ಅದು. ಅಲೆಕ್ಸಾಂಡ್ರಿಯಾದಲ್ಲಿ ಹಡಗುಗಳ ಬಿಡಿಭಾಗ ಮಾರುವ ನನಗೆ ಆ ದಾರಿ ಹೊಸದೇನಲ್ಲ. ಟಿಕೆಟ್ ತೋರಿಸುವ ಸಾಲಿನಲ್ಲಿ ನನ್ನ ಮುಂದೆ ಗಂಡಹೆಂಡಿರಿಬ್ಬರು ನಿಂತಿದ್ದರು. ಗಂಡ ಬಹ್ಗತ್, ನಮ್ಮ ಕಡೆಯ ಮರ್ಯಾದೆಯ ಮಾತಿನಲ್ಲಿ ಉಸ್ತಾದ್ ಬಹ್ಗತ್, ಮನ್ಸೂರಾದ ನೀರಾವರಿ ಕಚೇರಿಯಿಂದ ನಿವೃತ್ತನಾದವನು. ಮೀಸೆಯ ನಡುಭಾಗ ತಂಬಾಕಿನ ಹೊಗೆಗೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಇನ್‌ಶಿರಾಹ್, ತಲೆವಸ್ತ್ರವನ್ನು ಗಲ್ಲದ ಕೆಳಗೆ ಗುಂಡುಪಿನ್ನಿನಿಂದ ಬಿಗಿದುಕೊಂಡಿದ್ದ ದೃಢಕಾಯದ ಹೆಂಗಸು. ಆಕೆಯ ಕೈಯಲ್ಲಿ ಪ್ಲಾಸ್ಟಿಕ್ಕು, ವೃತ್ತಪತ್ರಿಕೆ, ಹಗ್ಗ, ಮತ್ತೆ ಪ್ಲಾಸ್ಟಿಕ್ಕು ಸುತ್ತಿದ ತಗಡಿನ ಡಬ್ಬಿಯೊಂದಿತ್ತು. ಅದನ್ನು ಆಕೆ ಹಸುಗೂಸಿನಂತೆ ಎದೆಗಾನಿಸಿ ಹಿಡಿದಿದ್ದಳು.

"ಹೊಗೆ ಸಾಲಾ? ಯಾರ್ರೀ ಕೇಳಿದ್ದು ಹೊಗೆ ಸಾಲು?" ಎಂದು ಆಕೆ ಕೌಂಟರಿನವನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಯಜಮಾನ್ರೇ ಫೋನ್ ಮಾಡಿ ಹಾಕಿಸ್ಕೊಂಡಿದ್ದಾರೆ, ಹಾಜ್ಜಾ. ಈಗ ಮುಂದಿನದ್ದೆಲ್ಲ ತುಂಬಿಹೋಗಿದೆ." ಹಜ್ ಯಾತ್ರೆ ಮಾಡಿದ ಹೆಂಗಸನ್ನು ನಮ್ಮಲ್ಲಿ ಹಾಜ್ಜಾ ಎನ್ನುವುದು ಮರ್ಯಾದೆ.

ಇನ್‌ಶಿರಾಹ್ ಗಂಡನತ್ತ ನಿಧಾನವಾಗಿ ತಿರುಗಿದಳು. "ನಿಮ್ಮ ಹೊಗೆ ಕುಡಿದೂ ಕುಡಿದೂ ಮನೆ ಪರದೆ ಹಳದಿ ಆಯ್ತು. ಗೋಡೆ ಹಳದಿ ಆಯ್ತು. ಆ ಕ್ಯಾನರಿ ಹಕ್ಕಿ ಸತ್ತೇ ಹೋಯ್ತು."

"ಹಕ್ಕಿಗೆ ವಯಸ್ಸಾಗಿತ್ತು, ಉಮ್ ನಶ್ವಾ." ನಶ್ವಾ ಅವರ ಮಗಳು. ಮಗಳ ಹೆಸರಿನಿಂದ ಹೆಂಡತಿಯನ್ನು ಕರೆಯುವಾಗ ಅವನ ದನಿಯಲ್ಲಿ ಸಂಧಾನದ ಆಸೆಯಿತ್ತು.

"ಹುಟ್ಟಾ ಹಳದಿ ಇದ್ದ ಹಕ್ಕಿ, ಅಬೂ ನಶ್ವಾ! ಸಾಯೋವಾಗ ಕರ್ರಗಿತ್ತು!"

ಸಾಲಿನವರೆಲ್ಲ ನಕ್ಕರು. ಕಲಹವನ್ನು ಸಹಿಸುವ ಗಂಡಸರಿದ್ದಾರೆ. ಅದಕ್ಕೆ ಪ್ರೇಕ್ಷಕರಿರುವುದನ್ನು ಸಹಿಸುವವರಿಲ್ಲ. ಬಹ್ಗತ್ ಕೈಯೆತ್ತಿ ಗುಡುಗಿದ: "ನನ್ನ ಮೇಲೆ ತಲಾಖಿನ ಆಣೆ! ಮೂರು ಸಲ ತಲಾಖಿನ ಆಣೆ! ಅಮೆರಿಕದ ನೆಲ ತುಳಿಯೋ ತನಕ ಒಂದೇ ಒಂದು ಸಿಗರೇಟು ತುಟಿಗಿಟ್ರೆ ಈ ಹೆಂಗಸು ನಂಗೆ ಹೆಂಡ್ತಿ ಅಲ್ಲ!"

ನಮ್ಮಲ್ಲಿ ಈ ಆಣೆಗೂ ವಿಚ್ಛೇದನಕ್ಕೂ ಇರುವ ಸಂಬಂಧ ಅಷ್ಟಕ್ಕಷ್ಟೇ. ಅತಿಥಿ ಇನ್ನೊಂದು ತುಂಡು ಮಾಂಸ ಹಾಕಿಸಿಕೊಳ್ಳದಿದ್ದರೆ ಮನೆಯೊಡೆಯ ತಲಾಖಿನ ಆಣೆಯಿಡುತ್ತಾನೆ. ಕಲ್ಲಂಗಡಿ ಮಾರುವವನು ಹಣ್ಣು ಒಳಗೆ ಕೆಂಪಗಿದೆಯೆಂದು ಆಣೆಯಿಡುತ್ತಾನೆ. ಕೊಯ್ದಾಗ ಬಿಳಿಚಿದ್ದು ಕಂಡರೂ ಸಂಜೆ ಮನೆಗೆ ಹೋಗಿ ಅದೇ ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಾನೆ. ಇಂಥ ಆಣೆ ಕಿವಿಗೆ ಬಿದ್ದಾಗ ಹೆಂಗಸರು "ಕೆಟ್ಟದ್ದು ದೂರ ಹೋಗಲಿ" ಎಂದು ಗೊಣಗಿ ಮರೆತುಬಿಡುವುದು ವಾಡಿಕೆ. ಬಹ್ಗತ್‌ನ ದುರದೃಷ್ಟವೆಂದರೆ, ಇನ್‌ಶಿರಾಹ್ ಆ ವಾಡಿಕೆಯನ್ನು ಮುರಿದಳು.

"ಎಲ್ರೂ ಕೇಳಿಸ್ಕೊಂಡ್ರಾ?" ಎಂದು ಆಕೆ ಸಾಲನ್ನೊಮ್ಮೆ ನೋಡಿದಳು. "ಒಳ್ಳೇದಾಯ್ತು. ದಾರೀಲಿ ಒಂದು ಸಿಗರೇಟು ಹಚ್ಚಿದ್ರೂ ನಾನು ನಮ್ಮಣ್ಣ ಸಬ್ರಿ ಮನೇಲೇ ಉಳ್ಕೊಂಡ್ಬಿಡ್ತೀನಿ. ನೀವು ಇದೇ ವಿಮಾನದಲ್ಲಿ ವಾಪಸ್ ಬನ್ನಿ. ಹೊಗೆ ಸಾಲಲ್ಲೇ ಬನ್ನಿ, ಕಾಲು ಚಾಚ್ಕೊಂಡು."

ವಿಮಾನದಲ್ಲಿ ನನಗೆ ಕಿಟಕಿಯ ಜಾಗ, ಬಹ್ಗತ್‌ಗೆ ನಡುವಿನದು, ಇನ್‌ಶಿರಾಹ್‌ಗೆ ಓಣಿಯ ಕಡೆಯದು ಸಿಕ್ಕಿದವು. ನಮ್ಮದು ಹೊಗೆಯ ಸೀಮೆಯ ಮೊದಲ ಸಾಲು. ಆ ವಿದ್ವತ್ಪೂರ್ಣ ಫಲಕ ನಮ್ಮ ಮೂಗಿನ ನೇರಕ್ಕಿತ್ತು. ಫಲಕದ ಆಚೆ, ಅಂದರೆ ನಮ್ಮಿಂದ ಒಂದು ಮೊಳದಷ್ಟು ದೂರದ ಪರಿಶುದ್ಧ ಪ್ರದೇಶದಲ್ಲಿ, ದೌಲತ್ ಹಾನಿಮ್ ಎಂಬ ಶ್ರೀಮಂತ ವಿಧವೆ ಕುಳಿತಿದ್ದಳು. ಡಬ್ಬಿ ನಮ್ಮ ತಲೆಯ ಮೇಲಿನ ಗೂಡು ಸೇರಿತು.

ವಿಮಾನ ಮೇಲೇರಿತು. ಸೇದಕೂಡದೆಂಬ ಕೆಂಪುದೀಪ ಆರಿತು. ಬೆಂಕಿಕಡ್ಡಿಗಳು ಒಟ್ಟಿಗೇ ಗೀರಿಕೊಂಡ ಸದ್ದು ಎಂಜಿನ್ನಿನ ಸದ್ದನ್ನು ಒಂದು ಕ್ಷಣ ಮರೆಸಿತು.

ಅಕ್ಕಪಕ್ಕದವರಿಗೆ ನೀಡದೆ ಸಿಗರೇಟು ಹಚ್ಚುವವನನ್ನು ನಮ್ಮಲ್ಲಿ ಮನುಷ್ಯನೆಂದು ಪರಿಗಣಿಸುವುದಿಲ್ಲ. ನೀಡಿದ್ದನ್ನು ಮೊದಲ ಸಲ ಒಲ್ಲೆನೆನ್ನಬೇಕು, ಎರಡನೆಯ ಸಲ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು, ಮೂರನೆಯ ಸಲ ತೆಗೆದುಕೊಳ್ಳಬೇಕು. ಮೂರನೆಯ ಸಲವೂ ನಿರಾಕರಿಸಿದವನು ಕಾಯಿಲೆಯವನೋ, ಇಲ್ಲವೇ ಹಗೆಯವನೋ ಆಗಿರಬೇಕು. ನಾನು ಅಭ್ಯಾಸಬಲದಿಂದ ಪೊಟ್ಟಣ ಚಾಚಿದೆ.

"ಬೇಡ ಉಸ್ತಾದ್," ಎಂದ ಬಹ್ಗತ್. ಕಣ್ಣು ಮಾತ್ರ ಪೊಟ್ಟಣದೊಳಗೇ ಉಳಿಯಿತು.

ಹಿಂದಿನ ಸಾಲಿನಿಂದ ಇನ್ನೊಂದು ಕೈ ಬಂತು. ಅದು ಹಳ್ಳಿಶಾಲೆಯೊಂದರಲ್ಲಿ ಧರ್ಮಪಾಠ ಹೇಳುವ ಶೇಖ್ ಮಿತ್ವಲ್ಲಿಯವರ ಕೈ. "ತಗೊಳ್ಳಿ, ನಮ್ಮೂರಿನೋರು ನೀವು. ಮುಖ ತಿರುಗಿಸ್ಬೇಡಿ." ಅದನ್ನೂ ಅವನು ಒಲ್ಲೆನೆಂದ. ಅಷ್ಟರಲ್ಲಿ ಮುಂದಿನ ಸಾಲುಗಳಿಂದ ಗಂಡಸರು ಒಬ್ಬೊಬ್ಬರಾಗಿ ಬಂದು ನಮ್ಮ ಓಣಿಯಲ್ಲಿ ನೆರೆಯತೊಡಗಿದರು. ಸೇದುವವರಲ್ಲಿ ಅರ್ಧದಷ್ಟು ಮಂದಿ ಫಲಕದ ಮುಂದಿನ ಸ್ವಚ್ಛ ಸಾಲುಗಳಲ್ಲೇ ಜಾಗ ಹಿಡಿದಿದ್ದರು. ಅವರ ವ್ಯವಸ್ಥೆ ಅಚ್ಚುಕಟ್ಟಾದದ್ದು: ಉಸಿರಾಡುವುದು ಅಲ್ಲಿ, ಸೇದುವುದು ಇಲ್ಲಿ. ಬಂದವರೆಲ್ಲರೂ ಸಭ್ಯರೇ ಆದ್ದರಿಂದ ಪ್ರತಿಯೊಬ್ಬನೂ ಬಹ್ಗತ್‌ಗೆ ಮೂರು ಮೂರು ಸಲ ಸಿಗರೇಟು ನೀಡಿದ. ಆ ಮನುಷ್ಯನ ಕೈ ಎದೆಯ ಮೇಲೆ ಏರಿ ಇಳಿದು ಕೊನೆಗೆ ಅಲ್ಲೇ ನೆಲೆಸಿಬಿಟ್ಟಿತು. ದೂರದಿಂದ ನೋಡಿದವರಿಗೆ ಎದೆನೋವಿನವನಂತೆ ಕಂಡಿರಬೇಕು.

"ಕಾಯಿಲೆ ಏನು?" ಎಂದೊಬ್ಬ ಮೆಲ್ಲನೆ ವಿಚಾರಿಸಿದ.

"ಹೆಂಡ್ತಿ," ಎಂದ ಬಹ್ಗತ್.

ದೌಲತ್ ಹಾನಿಮ್ ಎದ್ದು ನಿಂತು, ಕೈಚೀಲದಿಂದ ಮಲ್ಲಿಗೆಯ ಕಲೋನ್ ತೆಗೆದು ಫಲಕದ ಮೇಲೆ ಸಿಂಪಡಿಸಿದಳು. "ಗೂಡ್ಸ್ ರೈಲಲ್ಲಿ ದನಗಳ ಜೊತೆ ಹೋದ್ರೂ ಇದಕ್ಕಿಂತ ಚೆನ್ನಾಗಿರುತ್ತೆ. ದನ ಸಿಗರೇಟು ಸೇದಲ್ಲ!" ಕಲೋನ್ ತಂಬಾಕನ್ನು ಓಡಿಸಲಿಲ್ಲ, ಅದರೊಂದಿಗೆ ಸ್ನೇಹ ಬೆಳೆಸಿತು. ಅಂದಿನಿಂದ ಮಲ್ಲಿಗೆಯ ವಾಸನೆ ಬಂದಾಗಲೆಲ್ಲ ನನಗೆ ಸುಟ್ಟ ಹತ್ತಿಯ ನೆನಪಾಗುತ್ತದೆ.

ಇನ್‌ಶಿರಾಹ್ ಕೈತೊಳೆಯಲು ಹೋದಾಗ ಬಹ್ಗತ್ ನನ್ನತ್ತ ಬಾಗಿದ. "ನಗಬೇಡಿ ಉಸ್ತಾದ್. ಅವಳು ಹೇಳಿದ್ದು ಮಾಡೋಳು. ಹಿಂದೊಂದ್ಸಲ ಸಿಟ್ಟು ಮಾಡ್ಕೊಂಡು ತೌರಿಗೆ ಹೋದೋಳು ಚಳಿಗಾಲ ಮುಗಿಯೋ ತನಕ ಬರ್ಲಿಲ್ಲ. ಆ ಚಳಿಗಾಲ ಪೂರ್ತಿ ನಾನು ಉಪ್ಪು ಹಾಕಿದ ಚಹಾ ಕುಡಿದೆ. ಸಕ್ಕರೆ ಡಬ್ಬಿ ಯಾವುದು ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಉಪ್ಪೇ ಹಾಕ್ಕೊಂಡೆ." ಮತ್ತೆ ಸೇರಿಸಿದ: "ಅವಳಿಲ್ಲದ ಮನೇಲಿ ಸಿಹಿ ಯಾಕೆ ಅನ್ನಿಸ್ತು."

ಸಮಾಧಾನಕ್ಕೆಂದು ನಾನು ಸಿಗರೇಟು ನೀಡಿದೆ. ಅವನು ನನ್ನನ್ನು ಕೊಲೆಗಾರನನ್ನು ನೋಡುವಂತೆ ನೋಡಿದ.

ಇನ್‌ಶಿರಾಹ್ ಮರಳಿದ ಮೇಲೆ ಅವನು ಕಾನೂನಿನ ದಾರಿ ಹಿಡಿದು ಶೇಖ್‌ರತ್ತ ತಿರುಗಿದ. "ಶೇಖ್ ಸಾಹೇಬ್ರೇ, ಸಿಟ್ಟಲ್ಲಿ ಇಟ್ಟ ಆಣೆ. ಮನಸ್ಸಲ್ಲಿ ತಲಾಖ್ ಅನ್ನೋದು ಇರ್ಲೇ ಇಲ್ಲ. ಅದು ಕಟ್ಟುತ್ತಾ?"

ಶೇಖ್ ಮಿತ್ವಲ್ಲಿ ಹೊಗೆಯನ್ನು ಗೌರವಪೂರ್ವಕವಾಗಿ ಪಕ್ಕಕ್ಕೆ ಬಿಟ್ಟರು. "ಇರಾದೆ ಇರದಿದ್ರೆ ಕಟ್ಟಲ್ಲ ಅಂತಾರೆ ತಿಳಿದೋರು. ಪ್ರಾಯಶ್ಚಿತ್ತಕ್ಕೆ ಹತ್ತು ಜನ ಬಡವರಿಗೆ ಊಟ ಹಾಕಿದ್ರಾಯ್ತು."

"ನೋಡಿದ್ಯಾ?" ಎಂದು ಬಹ್ಗತ್ ಗೆಲುವಾದ.

"ಹತ್ತು ಜನಕ್ಕೆ ಊಟ ಹಾಕ್ತಾರಂತೆ!" ಎಂದಳು ಇನ್‌ಶಿರಾಹ್. "ಒಬ್ಬಳಿಗೆ ಪೇಟೆಯಿಂದ ಸೊಪ್ಪು ತಂದ್ಕೊಡಿ ಅಂದ್ರೆ ಮಂಡಿ ನೋವು ಅಂತಾರೆ. ಶೇಖ್ ಸಾಹೇಬ್ರೇ, ದೇವರು ಇವರನ್ನ ಕ್ಷಮಿಸ್ತಾನೆ, ಅವನು ದೊಡ್ಡವನು. ನಾನು ಮನ್ಸೂರಾದವಳು."

ಶೇಖ್‌ರು ತೀರ್ಪನ್ನು ಮನ್ಸೂರಾಕ್ಕೆ ಬಿಟ್ಟುಕೊಟ್ಟು ಇನ್ನೊಂದು ಸಿಗರೇಟು ಹಚ್ಚಿದರು. ಬಹ್ಗತ್ ಕಣ್ಣುಮುಚ್ಚಿ, ತನ್ನೆದುರು ತೇಲುತ್ತಿದ್ದ ಪರರ ಹೊಗೆಯನ್ನು ಆಳವಾಗಿ ಒಳಗೆಳೆದುಕೊಂಡ.

"ಬಾಯಿ ಮುಚ್ಚಿ ಉಸಿರಾಡಿ!" ಎಂದಳು ಹೆಂಡತಿ.

ಊಟವಾಯಿತು. ಜನ ಬೂಟು ಕಳಚಿ ಕಾಲುಗಳಿಗೆ ಸ್ವಾತಂತ್ರ್ಯ ಕೊಟ್ಟರು. ಸ್ವಾತಂತ್ರ್ಯದ ಪರಿಣಾಮ ಎಲ್ಲರ ಮೂಗಿಗೂ ತಲುಪಿತು. ಅಟ್ಲಾಂಟಿಕ್ ಸಾಗರದ ಮೇಲೆ, ಮುಳುಗಲು ಮರೆತ ಸೂರ್ಯ ಕಿಟಕಿಗಳಿಂದ ಗೂಡುಗಳನ್ನು ಹದವಾಗಿ ಬೇಯಿಸುತ್ತಿದ್ದಾಗ, ಕಾಲುಚೀಲಗಳನ್ನೆಲ್ಲ ನಾಚಿಸುವ ಹೊಸ ವಾಸನೆಯೊಂದು ಪ್ರತ್ಯಕ್ಷವಾಯಿತು.

ಅದು ಬಂದದ್ದು ಮೆಲ್ಲಗೆ, ದೊಡ್ಡ ಮನುಷ್ಯರು ಸಭೆಗೆ ಬರುವಂತೆ. ಮೊದಲು ಜನ ತಂತಮ್ಮ ಪಾದಗಳನ್ನು ಸಂಶಯಿಸಿದರು, ಬಳಿಕ ಪಕ್ಕದವರ ಪಾದಗಳನ್ನು. ಆಮೇಲೆ ಶೌಚಾಲಯದ ಮೇಲೆ ಆಪಾದನೆ ಬಂತು. ವಿದೇಶದ ಪ್ರಯಾಣಿಕನೊಬ್ಬ ವಿಮಾನದಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಖಚಿತವಾಗಿ ನಂಬಿ ಟೋಪಿ ತೆಗೆದ. ನಮ್ಮವರು ಮಾತ್ರ ಮೊದಲ ಉಸಿರಿಗೇ ಅದನ್ನು ಗುರುತು ಹಿಡಿದು ಮುಗ್ಧಮುಖ ಹಾಕಿಕೊಂಡರು. ಅದು ಫಸೀಖ್. ಮೀನನ್ನು ಮೊದಲು ಊದಲು ಬಿಟ್ಟು, ಬಳಿಕ ಉಪ್ಪಿನಲ್ಲಿ ಹುಗಿದು, ಅದು ತನ್ನ ಮೀನುತನವನ್ನು ಪೂರಾ ಮರೆಯುವವರೆಗೆ ಕಾಯುತ್ತೇವೆ. ವಸಂತದ ಮೊದಲ ಗಾಳಿಯನ್ನು ಮೂಸಲೆಂದು ನಾವು ಹಬ್ಬ ಆಚರಿಸುವ ದಿನ ಅದನ್ನು ಈರುಳ್ಳಿಯೊಂದಿಗೆ ತಿನ್ನುತ್ತೇವೆ. ಆ ದಿನ ನಮ್ಮ ಊರುಗಳಲ್ಲಿ ಗಾಳಿಯನ್ನು ಮೂಸುವ ಧೈರ್ಯ ಗಾಳಿಗೂ ಇರುವುದಿಲ್ಲ. ಹಬ್ಬ ಮುಂದಿನ ಸೋಮವಾರವಿತ್ತು. ಸಬ್ರಿ ಅಣ್ಣ ಎಷ್ಟೋ ವರ್ಷಗಳಿಂದ ಊರಿನ ಫಸೀಖ್ ಕಂಡಿರಲಿಲ್ಲ. ಡಬ್ಬಿಯೊಳಗಿನದು ಬಿಸಿಲಿಗೆ ಹುರುಪುಗೊಂಡು ಮುಚ್ಚಳವನ್ನು ಎತ್ತಿತ್ತು.

ಇನ್‌ಶಿರಾಹ್ ನೇರ ಮುಂದಕ್ಕೆ ನೋಡುತ್ತ ಕುಳಿತಳು, ಭಾವಚಿತ್ರಕ್ಕೆ ಕುಳಿತವರಂತೆ.

"ಉಮ್ ನಶ್ವಾ," ಎಂದು ಬಹ್ಗತ್ ಪಿಸುಗುಟ್ಟಿದ, "ನಮ್ಮ ಹಕ್ಕಿ ಬದುಕಿದ್ರೆ ಈಗ ಸಾಯ್ತಿತ್ತು."

"ಸುಮ್ನಿರಿ. ಸಬ್ರಿಗೆ ಮಾತು ಕೊಟ್ಟಿದೀನಿ."

ಮುಂತಸಿರ್ ಎಂಬ ತರುಣ ಪರಿಚಾರಕ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದು ಘೋಷಿಸಿದ: "ಮಾನ್ಯರೇ, ಯಾರ ಸಾಮಾನಿಂದ ಈ ವಾಸನೆ ಬರ್ತಿದೆಯೋ ದಯವಿಟ್ಟು ಹೇಳಿ. ಇಲ್ಲಾಂದ್ರೆ ನಾನೇ ಎಲ್ಲ ಗೂಡು ತೆಗೆದು ನೋಡ್ತೀನಿ. ಸಿಕ್ಕಿದ್ದನ್ನ ಚೀಲಕ್ಕೆ ಹಾಕಿ ಮುಚ್ಚಿ, ಇಳಿದ್ಮೇಲೆ ನಾಶ ಮಾಡಿಸ್ತೀವಿ." ಯಾರೂ ಉಸಿರೆತ್ತಲಿಲ್ಲ, ಆಗ ಉಸಿರೆತ್ತದಿರಲು ಕಾರಣಗಳೇನೂ ಕಡಿಮೆಯಿರಲಿಲ್ಲ. ಅವನು ಮುಂದಿನ ಸಾಲಿನಿಂದ ಗೂಡುಗಳನ್ನು ತೆರೆಯತೊಡಗಿದ.

ಆಗ ದೌಲತ್ ಹಾನಿಮ್ ಎದ್ದಳು. ಕಲೋನ್ ಮುಗಿದಿತ್ತು. ಆಕೆ ನಮ್ಮತ್ತ ತಿರುಗಿ, ಓಣಿಯ ಗಂಡಸರನ್ನು ನೋಡಿ, ಒಬ್ಬ ಮಹಿಳೆ ತನ್ನ ಜೀವಮಾನದ ತತ್ವವನ್ನು ಬಿಟ್ಟುಕೊಡುವಾಗ ಎಷ್ಟು ಘನತೆ ತೋರಬಹುದೋ ಅಷ್ಟು ತೋರಿ ಹೇಳಿದಳು: "ಏನ್ ನೋಡ್ತಾ ನಿಂತಿದೀರಿ? ಸೇದ್ರಪ್ಪಾ! ಎಲ್ರೂ ಸೇದಿ! ಈ ಕಡೆ ಬಿಡಿ, ನನ್ನ ಮುಖಕ್ಕೇ ಬಿಡಿ!"

ಫಲಕದ ಮುಂದಿನ ಸಾಲುಗಳಿಂದ ಅನುಮೋದನೆಯ ಗುಜುಗುಜು ಎದ್ದಿತು. ತಾಯಂದಿರು ಮಕ್ಕಳನ್ನು ಹೊಗೆಯತ್ತ ಹಿಡಿದರು. ಬೆಳಿಗ್ಗೆಯಿಂದ ಅಪರಾಧಿಗಳಂತೆ ಸೇದುತ್ತಿದ್ದ ಗಂಡಸರು ಈಗ ಸಮಾಜಸೇವಕರಂತೆ ಸೇದಿದರು. ಮೋಡ ದಟ್ಟವಾಯಿತು. ಆದರೂ ಫಸೀಖ್ ಅದನ್ನು ಸೀಳಿಕೊಂಡು, ಮಂಜಿನಲ್ಲಿ ಬರುವ ಹಡಗಿನಂತೆ ಬರುತ್ತಲೇ ಇತ್ತು. ಮುಂತಸಿರ್ ಗೂಡು ಗೂಡು ತೆರೆಯುತ್ತ ಹತ್ತಿರವಾದ.

"ಹಚ್ಚಿ," ಎಂದಳು ಇನ್‌ಶಿರಾಹ್, ತುಟಿ ಅಲುಗಿಸದೆ.

"ಏನ್ ಹಚ್ಚಲಿ?"

"ಮದುವೆ ದೀಪ! ಸಿಗರೇಟು ಹಚ್ಚಿ ಅಂದೆ. ಇವರೆಲ್ಲ ಸೇರಿದ್ರೂ ಸಾಲ್ತಿಲ್ಲ. ನೀವೊಬ್ರು ಸೇದಿದ್ರೆ ನಾಲ್ಕು ಜನ ಸೇದಿದಂಗೆ."

ಬಹ್ಗತ್ ಬೆಳಿಗ್ಗೆಯಿಂದ ಕಾದಿದ್ದ ಮಾತು ಅದು. ನಾನು ಪೊಟ್ಟಣ ಚಾಚಿಯೇ ಬಿಟ್ಟೆ. ಅವನ ಬೆರಳುಗಳು ಬಂದವು, ನಡುದಾರಿಯಲ್ಲಿ ನಿಂತವು. ಆಮೇಲೆ ಹಿಂದಕ್ಕೆ ಹೋದವು.

"ಆಣೆ?"

"ಶೇಖ್ ಸಾಹೇಬ್ರು ಹೇಳಿದ್ರಲ್ಲ, ಹತ್ತು ಜನ ಬಡವರು..."

"ನೀನು ಮನ್ಸೂರಾದವಳು ಅಂದೆ. ಈಗ ಸೇದು ಅಂತೀಯ, ಇಳಿದ್ಮೇಲೆ ಅಣ್ಣನ ಮುಂದೆ ಸೇದಿದ್ರು ಅಂತೀಯ. ಮತ್ತೆ ಕೇಳು, ನಾನು ಸೇದಿದ ಕ್ಷಣ ನೀನು ನನ್ನ ಹೆಂಡ್ತಿ ಅಲ್ಲ. ಹೆಂಡ್ತಿ ಅಲ್ಲದ ಹೆಂಗಸಿನ ಮೀನು ಉಳಿಸೋಕೆ ನಾನ್ಯಾಕೆ ಸೇದ್ಲಿ?"

ಹಿಂದಿನ ಸಾಲಿನಲ್ಲಿ ಶೇಖ್ ಮಿತ್ವಲ್ಲಿ ಮೆಚ್ಚುಗೆಯಿಂದ ನಾಲಿಗೆ ಲೊಚಗುಟ್ಟಿದರು. ಮುಂತಸಿರ್ ದೌಲತ್ ಹಾನಿಮ್‌ಳ ತಲೆಯ ಮೇಲಿನ ಗೂಡಿಗೆ ಬಂದಿದ್ದ, ಮುಂದಿನದು ನಮ್ಮದು. ಇನ್‌ಶಿರಾಹ್ ಗಂಡನನ್ನು ಒಮ್ಮೆ, ಬಹಳ ದೀರ್ಘವಾಗಿ, ನೋಡಿದಳು. ಆ ನೋಟದಲ್ಲಿ ಕೋಪವಿತ್ತೋ ಅಭಿಮಾನವಿತ್ತೋ ನಾನು ಹೇಳಲಾರೆ. ಬಳಿಕ ಅವನ ಎದೆಯ ಮೇಲಿಂದ ಕೈ ಚಾಚಿ, ನನ್ನ ಪೊಟ್ಟಣದಿಂದ ಒಂದನ್ನು ಎಳೆದುಕೊಂಡು ತುಟಿಗಿಟ್ಟಳು.

"ಬೆಂಕಿ ಕೊಡಿ ತಮ್ಮಾ."

ಕೊಟ್ಟೆ. ಆಕೆ ಮೇಲ್ಮುಖವಾಗಿ ಗೂಡಿನತ್ತ ಹೊಗೆಯೂದಿದಳು, ಅಗತ್ಯವಿದ್ದಷ್ಟು ಕೆಮ್ಮಿದಳು. ಗೂಡಿನ ಹಿಡಿಗೆ ಕೈಹಾಕಿದ್ದ ಮುಂತಸಿರ್ ಕೆಳಗೆ ನೋಡಿದ. ತಲೆವಸ್ತ್ರ ಬಿಗಿದ, ತನ್ನ ತಾಯಿಯ ವಯಸ್ಸಿನ, ಹಜ್ ಮಾಡಿ ಬಂದ ಹೆಂಗಸು ನಾಲ್ಕು ಜನರೆದುರು ಸಿಗರೇಟು ಸೇದುತ್ತಿದ್ದಾಳೆ! ಮೀನನ್ನು ಎದುರಿಸುವ ತರಬೇತಿ ಅವನಿಗಿತ್ತು; ಇದನ್ನು ಎದುರಿಸುವ ತರಬೇತಿ ನಮ್ಮಲ್ಲಿ ಯಾರಿಗೂ ಇಲ್ಲ. ಪರರ ಮನೆಯ ಹೆಂಗಸನ್ನು ಇಂಥ ಸ್ಥಿತಿಯಲ್ಲಿ ಕಂಡವನು ಕಾಣದವನಂತೆ ಹೋಗಬೇಕು. ಅವನು ಕಿವಿಯವರೆಗೆ ಕೆಂಪಾಗಿ, "ಕ್ಷಮಿಸಿ ಹಾಜ್ಜಾ," ಎಂದು ನಮ್ಮ ಗೂಡನ್ನು ದಾಟಿ ಮುಂದೆ ಹೋದ. ಆಮೇಲೆ ಪ್ರತಿ ಸಲ ಅವನು ಆ ಓಣಿಗೆ ಕಾಲಿಟ್ಟಾಗಲೂ ಇನ್‌ಶಿರಾಹ್ ಹೊಸದೊಂದನ್ನು ಹಚ್ಚಿದಳು. ನಡುವೆ ಕುಳಿತಿದ್ದ ಬಹ್ಗತ್ ಎರಡೂ ಕಡೆಯ ಹೊಗೆಯಲ್ಲಿ ನೆನೆಯುತ್ತ, ಜಗತ್ತಿನ ಅತ್ಯಂತ ಪರಿಶುದ್ಧ ಪುರುಷನಾಗಿ ನ್ಯೂಯಾರ್ಕ್ ತಲುಪಿದ.

ನಿಲ್ದಾಣದ ಹೊರಗೆ ಸಬ್ರಿ ಕಾರು ತಂದು ಕಾದಿದ್ದ. ಟ್ಯಾಕ್ಸಿ ಓಡಿಸಿ ದೊಡ್ಡವನಾದ, ಕುತ್ತಿಗೆ ದಪ್ಪದ ಮನುಷ್ಯ. ನನಗೂ ನಗರದವರೆಗೆ ಜಾಗ ಕೊಡುವುದಾಗಿ ಬಹ್ಗತ್ ಒತ್ತಾಯಿಸಿದ್ದರಿಂದ ನಾನು ಜೊತೆಗಿದ್ದೆ. ಸಬ್ರಿ ತಂಗಿಯನ್ನು ಅಪ್ಪಿಕೊಂಡು, ಮೂಗರಳಿಸಿ, ಭಾವಮೈದುನನತ್ತ ತಿರುಗಿದ.

"ಏನಯ್ಯಾ, ನನ್ನ ತಂಗೀನ ಬೂದಿಗುಡ್ಡೇಲಿ ಹೂತಿಟ್ಟು ತಂದ್ಯಾ?"

"ನಾನು ಒಂದೂ ಸೇದಿಲ್ಲ ಸಬ್ರಿ!" ಬಹ್ಗತ್ ಎದೆಯುಬ್ಬಿಸಿದ. "ತಲಾಖಿನ ಆಣೆ ಇಟ್ಟು ಬಂದಿದೀನಿ. ಕೈರೋದಲ್ಲಿ ಅಷ್ಟು ಜನದ ಮುಂದೆ!"

ತಾನು ಏನು ಮಾಡಿದೆನೆಂದು ಅವನಿಗೆ ತಿಳಿಯುವಷ್ಟರಲ್ಲಿ ಸಬ್ರಿ ಅವನ ಕೋಟಿನ ಕಾಲರನ್ನು ಮೂಗಿಗೆ ಹಿಡಿದಿದ್ದ. ಕಾಲರಿನಲ್ಲಿ ನನ್ನ, ಶೇಖ್‌ರ, ಓಣಿಯಲ್ಲಿ ನಿಂತವರ, ಎಲ್ಲಕ್ಕಿಂತ ಮಿಗಿಲಾಗಿ ಧರ್ಮಪತ್ನಿಯ ಹೊಗೆ ಪದರುಪದರಾಗಿತ್ತು.

"ಒಂದೂ ಸೇದಿಲ್ಲ? ನಿನ್ನ ಹಿಂಡಿದ್ರೆ ತಾರು ಇಳಿಯುತ್ತೆ! ಆಣೆ ಮುರಿದೋನು ನನ್ನ ಹೊಸ್ತಿಲು ದಾಟಬಾರದು. ಇನ್‌ಶಿರಾಹ್, ಕಾರು ಹತ್ತು. ನೀನು ನಮ್ಮನೇಲಿರ್ತೀಯ. ಇವನು ಎಲ್ಲಾದ್ರೂ ಸಾಯ್ಲಿ."

ಹೆಂಡತಿಯ ಗುಟ್ಟನ್ನು ಆಕೆಯ ಅಣ್ಣನಿಗೆ ಹೇಳಿ ತಾನು ಪಾರಾಗುವುದು ಬಹ್ಗತ್‌ನಿಂದಾಗಲಿಲ್ಲ. ಸೂಟ್‌ಕೇಸನ್ನು ನೆಲಕ್ಕಿಟ್ಟು ಅದರ ಪಕ್ಕ ನಿಂತ.

"ಅವರು ಸೇದಿಲ್ಲ, ಅಣ್ಣಾ," ಎಂದಳು ಇನ್‌ಶಿರಾಹ್. "ಪಕ್ಕದಲ್ಲಿ ಕೂತು ಸೇದಿದ್ದು ನಾನು. ನಿನ್ನ ಮೀನಿನ ವಾಸನೆ ಮುಚ್ಚೋಕೆ."

ಸಬ್ರಿಯ ಕಣ್ಣು ತುಂಬಿ ಬಂತು. ಅವನು ದಾರಿಹೋಕರಿಗೂ ಕೇಳುವಂತೆ ಹೇಳಿದ: "ನೋಡು, ನೋಡಯ್ಯಾ! ನಿನ್ನ ಸಂಸಾರ ಉಳಿಸೋಕೆ ಎಂಥಾ ಸುಳ್ಳು ಹೇಳ್ತಿದಾಳೆ ನನ್ನ ತಂಗಿ! ನಮ್ಮಮ್ಮನ ಮಗಳು, ಸಿಗರೇಟು! ಇಂಥ ಹೆಣ್ಣಿಗೆ ನೀನು ಯೋಗ್ಯನೇನೋ?"

"ಸುಳ್ಳಲ್ಲ ಅಣ್ಣಾ."

"ಸಾಕಮ್ಮಾ, ಇನ್ನೂ ಸುಳ್ಳು ಹೇಳಿ ನನ್ನ ಹೊಟ್ಟೆ ಉರಿಸ್ಬೇಡ. ಹತ್ತು ಕಾರು."

ಇನ್‌ಶಿರಾಹ್ ಡಬ್ಬಿಯನ್ನು ಅಣ್ಣನ ಕೈಗಿತ್ತಳು. ಒಂದು ಕ್ಷಣ ಕಾರನ್ನು ನೋಡಿದಳು, ಇನ್ನೊಂದು ಕ್ಷಣ ಸೂಟ್‌ಕೇಸಿನ ಪಕ್ಕದಲ್ಲಿ ನಿಂತಿದ್ದ ಗಂಡನನ್ನು. ಬಳಿಕ ನನ್ನತ್ತ ಅಂಗೈ ಚಾಚಿದಳು. ನಾನು ಸಿಗರೇಟು, ಬೆಂಕಿಪೊಟ್ಟಣ ಎರಡನ್ನೂ ಇಟ್ಟೆ. ಅಲ್ಲಿ ಗಾಳಿ ಜೋರಾಗಿ ಬೀಸುತ್ತಿತ್ತು. ನನಗೇ ಎರಡು ಕಡ್ಡಿ ಬೇಕಾಗುತ್ತಿತ್ತು. ಆಕೆ ಗಾಳಿಗೆ ಬೆನ್ನು ಕೊಟ್ಟು, ಅಂಗೈಗಳನ್ನು ಗೂಡಾಗಿಸಿ, ಒಂದೇ ಕಡ್ಡಿಯಲ್ಲಿ ಹಚ್ಚಿದಳು. ಆಳವಾಗಿ ಎಳೆದು, ಅಣ್ಣನ ಮುಖಕ್ಕೆ ಎದುರಾಗಿ ನಿಂತು, ಎರಡೂ ಮೂಗಿನ ಹೊಳ್ಳೆಗಳಿಂದ ಸಮನಾದ ಎರಡು ಧಾರೆಗಳಲ್ಲಿ ನಿಧಾನವಾಗಿ ಹೊರಬಿಟ್ಟಳು. ಕೆಮ್ಮಲಿಲ್ಲ.

ಸಬ್ರಿ ಡಬ್ಬಿ ಹಿಡಿದುಕೊಂಡು ಕಲ್ಲಾದ. ಅವನಿಗೆ ಇನ್ನಾವ ಸಾಕ್ಷಿಯೂ ಬೇಕಾಗಲಿಲ್ಲ. ಕೊನೆಗೆ, ತಲೆ ತಗ್ಗಿಸಿ, ಭಾವಮೈದುನನ ಸೂಟ್‌ಕೇಸನ್ನು ತಾನೇ ಎತ್ತಿ ಕಾರಿನೊಳಗಿಟ್ಟ.

ಬಹ್ಗತ್‌ನ ಸಂಸಾರ ಉಳಿಯಿತು. ಆದರೆ ಅವನು ಸಂತೋಷಪಡುವುದನ್ನು ಬಿಟ್ಟು ಹೆಂಡತಿಯ ಮೂಗನ್ನೇ ನೋಡುತ್ತಿದ್ದ. ಜೀವಮಾನವಿಡೀ ಸೇದಿದ ಅವನಿಗೆ, ಆ ವಿದ್ಯೆ ಒಂದು ಹಗಲಿನ ಪ್ರಯಾಣದಲ್ಲಿ ಕೈಹತ್ತುವಂಥದ್ದಲ್ಲವೆಂದು ಗೊತ್ತಿತ್ತು.

"ಉಮ್ ನಶ್ವಾ," ಎಂದ ಮೆಲ್ಲಗೆ, "ಇದು ಯಾವಾಗಿಂದ?"

ಆಕೆ ಸಿಗರೇಟಿನ ಬೂದಿಯನ್ನು ಬೆರಳಿನಿಂದ ತಟ್ಟಿ ಉದುರಿಸಿದಳು.

"ಕಾರು ಹತ್ತಿ, ಅಬೂ ನಶ್ವಾ," ಎಂದಳು. "ಚಳಿ ಇದೆ."